ದಾಖಲೆಯಲ್ಲಿಲ್ಲದ ಸ್ಪ್ಯಾನಿಷ್ ಮೇಷ್ಟ್ರು

ನ್ಯಾಮತಿಯ ನಮ್ಮ ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದೆ, ಸುತ್ತ ಕಾಂಪೌಂಡ್ ಇಲ್ಲ. ಹಾಗಾಗಿ ಊರ ಎಮ್ಮೆಗಳೂ ಬೆಳಗಿನ ಪ್ರಾರ್ಥನೆಗೆ ಬಂದು ನಿಲ್ಲುತ್ತವೆ. ಹೊನ್ನಾಳಿಯ ಯಾವುದೋ ಶಾಲೆಯವರು ಫ್ರೆಂಚ್ ಶುರು ಮಾಡಿದರೆಂದು ಕೇಳಿ ನಮ್ಮ ಮಾಲೀಕ ಬೆನಕಪ್ಪನವರಿಗೆ ಮೂರು ದಿನ ಊಟ ಸೇರಲಿಲ್ಲವಂತೆ. ನಾಲ್ಕನೇ ದಿನ ‘ಇಲ್ಲಿ ಸ್ಪ್ಯಾನಿಷ್ ಕಲಿಸಲಾಗುವುದು’ ಎಂದು ಬೋರ್ಡ್ ಬರೆಸಿದರು. ಅದು ಯಾರಿಗೆ ಬರುತ್ತದೆ ಎಂದು ಆಮೇಲೆ ಹುಡುಕಿದರು.

ನನಗೆ ಬರುತ್ತಿತ್ತು. ನಾನು ಕೆಂಚೇಶ್, ಜಗಳೂರಿನವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಗೋವಾದ ಕಡಲತೀರದ ಹೋಟೆಲಿನಲ್ಲಿ ಐದು ವರ್ಷ ತಟ್ಟೆ ತೊಳೆದವನು. ಹೋಟೆಲ್ ನಡೆಸುತ್ತಿದ್ದವಳು ಸ್ಪೇನ್ ದೇಶದವಳು. ಹಗಲೆಲ್ಲ ನನ್ನನ್ನು ಆ ಭಾಷೆಯಲ್ಲಿ ಬೈಯುತ್ತಿದ್ದಳು, ಸಂಜೆ ಗಿಟಾರ್ ಹಿಡಿದು ಅದೇ ಭಾಷೆಯಲ್ಲಿ ಹಾಡು ಕಲಿಸುತ್ತಿದ್ದಳು. ಬಿ.ಎಡ್. ಓದಿದವರು ಇದಕ್ಕೆ ಏನೋ ಒಂದು ದೊಡ್ಡ ಹೆಸರು ಇಟ್ಟಿರುತ್ತಾರೆ.

ಸಂಗೀತ, ಸ್ಪ್ಯಾನಿಷ್ ಎರಡನ್ನೂ ನನ್ನ ತಲೆಗೇ ಕಟ್ಟಿದರು. ಊರಿಗೆ ಹೋಗಬೇಕೆಂದರೆ ಹೊನ್ನಾಳಿ, ದಾವಣಗೆರೆ, ಜಗಳೂರು ಎಂದು ಮೂರು ಬಸ್ಸು ಬದಲಾಯಿಸಬೇಕು. ಎರಡು ವರ್ಷ ಶಾಲೆಯ ಹಿಂದಿನ ಕೋಣೆಯಲ್ಲೇ ಉಳಿದೆ. ನನಗೆ ಬೇಕಿದ್ದದ್ದು ಒಂದೇ: ಮೇಷ್ಟ್ರು ಎಂದು ಬರೆದ ನೇಮಕದ ಆರ್ಡರ್. ಊರಲ್ಲಿ ನಮ್ಮವ್ವ ದುರುಗಮ್ಮ ‘ನನ್ನ ಮಗ ಮೇಷ್ಟ್ರು’ ಎಂದರೆ ಜನ ನಗುತ್ತಿದ್ದರು. ಹತ್ತನೇ ಕ್ಲಾಸಿನ ಬಾಗಿಲು ನೋಡದವನು ಯಾವ ಸೀಮೆ ಮೇಷ್ಟ್ರು, ಕಾಗದ ಇದ್ದರೆ ತೋರಿಸು ಎಂದು.

“ಕೊಡ್ತೀನೋ ಕೆಂಚ, ತಪಾಸಣೆ ಒಂದು ಮುಗೀಲಿ,” ಎನ್ನುತ್ತಿದ್ದರು ಬೆನಕಪ್ಪ.

ತಪಾಸಣೆಯ ದಿನವೆಂದರೆ ನಮ್ಮಂಥ ಶಾಲೆಗಳಿಗೆ ಹಬ್ಬ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ಸರ್ಟಿಫಿಕೇಟುಗಳು ಅಂದು ಎದ್ದು, ಇಸ್ತ್ರಿ ಸೀರೆ ಉಟ್ಟು, ಬಸ್ಸಿಳಿದು ಬರುತ್ತವೆ. ಹಾಗೆ ಬಂದವಳು ಹೊನ್ನಾಳಿಯ ಅರ್ಪಿತಾ. ಎಂ.ಎ., ಬಿ.ಎಡ್., ಬೆನಕಪ್ಪನವರ ಅಕ್ಕನ ಮಗಳು. ದಾಖಲೆಯ ಪ್ರಕಾರ ಎರಡು ವರ್ಷದಿಂದ ಸ್ಪ್ಯಾನಿಷ್ ಕಲಿಸುತ್ತಿರುವವಳು ಆಕೆಯೇ. ಐದನೇ ಕ್ಲಾಸು ಯಾವ ಕಡೆ ಎಂದು ನನ್ನನ್ನು ಕೇಳಿದಳು.

“ಹಂಗಾದ್ರೆ ನಾನೇನು ಮಾಡ್ಲಿ ಸರ್?” ಎಂದು ಬೆನಕಪ್ಪನವರನ್ನು ಕೇಳಿದೆ.

“ನೀನು ಇವತ್ತು ಗಂಟೆ ಹೊಡಿ. ಯಾರಾದ್ರೂ ಕೇಳಿದ್ರೆ ವ್ಯಾನ್ ಡ್ರೈವರ್ ಅನ್ನು. ಬಾಯಿ ತೆಗೀಬ್ಯಾಡ.”

“ಸ್ಪ್ಯಾನಿಷ್‌ನಾಗೂ ತೆಗೀಬಾರ್ದಾ?”

“ಲೇ, ಅದನ್ನಂತೂ ತೆಗೀಲೇಬ್ಯಾಡ!”

ತಪಾಸಣೆಗೆ ಬಂದ ಸಾಹೇಬರು ಐದನೇ ಕ್ಲಾಸಿಗೆ ಕಾಲಿಟ್ಟರು. ನಾನು ಕಿಟಕಿಯ ಹೊರಗೆ ಗಂಟೆಯ ಸುತ್ತಿಗೆ ಹಿಡಿದು ನಿಂತಿದ್ದೆ. “ಏನಾದ್ರೂ ಹೇಳ್ರಪ್ಪ ಮಕ್ಕಳೇ,” ಎಂದರು. ಅರ್ಪಿತಾ ಮಿಸ್ ಸೀರೆಯ ಅಂಚು ನೋಡಿಕೊಂಡಳು. ರಕ್ಷಾ ಎಂಬ ಹುಡುಗಿ ಎದ್ದು ನಾನು ಕಲಿಸಿದ ಹಾಡು ತೆಗೆದಳು. ಮೂವತ್ತೆಂಟು ಮಕ್ಕಳು ಚಪ್ಪಾಳೆಯಲ್ಲಿ ತಾಳ ಹಿಡಿದರು. ಆಮೇಲೆ ಇಬ್ಬರು ಸಂತೆಯ ಆಟ ಆಡಿದರು. ಒಬ್ಬಳು ಟೊಮೆಟೊ ಮಾರುವವಳು, ಇನ್ನೊಬ್ಬ ಚೌಕಾಸಿ ಮಾಡುವವನು, ಜಗಳವೆಲ್ಲ ಸ್ಪ್ಯಾನಿಷ್‌ನಲ್ಲಿ. ಒಬ್ಬರಾದರೂ ತಪ್ಪಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಒಬ್ಬರೂ ತಪ್ಪಲಿಲ್ಲ, ದರಿದ್ರದವು.

ಸಾಹೇಬರು ಖುಷಿಯಾಗಿ, “ಯಾರಮ್ಮ ನಿಂಗೆ ಇದನ್ನೆಲ್ಲ ಕಲಿಸಿದ್ದು?” ಎಂದು ಕೇಳಿದರು.

ರಕ್ಷಾ ಕಿಟಕಿಯಲ್ಲಿದ್ದ ನನ್ನನ್ನು ನೋಡಿದಳು. ಬಾಗಿಲಲ್ಲಿದ್ದ ಬೆನಕಪ್ಪನವರನ್ನು ನೋಡಿದಳು.

“ಅರ್ಪಿತಾ ಮಿಸ್, ಸರ್.”

ಎಷ್ಟು ಸ್ಪಷ್ಟ ಉಚ್ಚಾರ! ಎರಡು ವರ್ಷ ಬೆವರಿಳಿಸಿ ನಾನು ಭಾಷೆ ಕಲಿಸಿದ್ದೆ. ಒಂದೇ ಬೆಳಗಿನಲ್ಲಿ ಬೆನಕಪ್ಪ ಸುಳ್ಳು ಕಲಿಸಿದ್ದರು. ಉತ್ತಮ ಶಿಕ್ಷಕ ಯಾರೆಂದು ನೀವೇ ಹೇಳಿ.

ಸಾಹೇಬರು ಭೇಟಿ ಪುಸ್ತಕದಲ್ಲಿ ಅರ್ಪಿತಾ ಮಿಸ್ ಬಗ್ಗೆ ಅರ್ಧ ಪುಟ ಹೊಗಳಿ ಬರೆದು ಹೋದರು. ಜೀಪು ತಿರುವು ದಾಟಿದ ಕೂಡಲೇ ನಾನು ಆರ್ಡರ್ ಕೇಳಿದೆ.

“ಹುಚ್ಚಪ್ಪಾ, ಸಾಹೇಬ್ರೇ ಕೈಯಾರೆ ಬರದ್ರಲ್ಲೋ, ಸ್ಪ್ಯಾನಿಷ್‌ಗೆ ಅರ್ಪಿತಾ ಅಂತ. ಇರೋದು ಒಂದೇ ಪೋಸ್ಟು. ಅಷ್ಟು ಚೆಂದಾಗಿ ಕಲ್ಸು ಅಂತ ನಿಂಗ್ಯಾರು ಹೇಳಿದ್ರು?”

ಕೋಣೆಗೆ ಹೋಗಿ ಬಟ್ಟೆ ತುಂಬಿಕೊಂಡೆ, ಗಿಟಾರ್ ಹೆಗಲಿಗೇರಿಸಿದೆ. ಹೊರಡುವವನನ್ನು ಬೆನಕಪ್ಪ ಓಡಿ ಬಂದು ತಡೆದರು. ಸಾಹೇಬರ ಫೋನ್ ಬಂದಿತ್ತು. ಇನ್ನು ಹದಿನೈದು ದಿನಕ್ಕೆ ಚನ್ನಗಿರಿಯಲ್ಲಿ ಶಿಕ್ಷಕರ ಸಭೆ. ಅಲ್ಲಿಯ ಮಕ್ಕಳಿಗೆ, ಎಲ್ಲರ ಎದುರು, ಅರ್ಪಿತಾ ಮಿಸ್ ಒಂದು ಮಾದರಿ ಪಾಠ ಮಾಡಬೇಕಂತೆ.

“ಕೆಂಚೇಶ್ ಅವ್ರೇ, ಬರ್ರಿ, ಕೂತ್ಕಳ್ರಿ,” ಎಂದರು. ನನಗೂ ಬಹುವಚನ ಬಂತು. “ನಮ್ಮ ಹುಡುಗಿಗೆ ಒಂದೀಟು ಹೇಳ್ಕೊಡ್ರಿ.”

“ಆರ್ಡರ್ ಕೊಡ್ರಿ.”

“ಎಲ್ಲಿಂದ ಕೊಡ್ಲಿ? ನೀವು ಓದಿರೋದು ಒಂಬತ್ತು...”

“ಒಂಬತ್ತು ಓದಿದೋರ ಹತ್ರ ಎಂ.ಎ. ಓದಿದೋಳನ್ನ ಕಲಿಯಾಕೆ ಕಳ್ಸಾಕೆ ಬರ್ತೈತಾ ಮಾವ?” ಎಂದಳು ಅಲ್ಲೇ ಕುಳಿತಿದ್ದ ಅರ್ಪಿತಾ. “ಅವ್ರಿಗೆ ಆರ್ಡರ್ ಕೊಡು, ಇಲ್ಲಾಂದ್ರೆ ನನ್ನ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ವಾಪಸ್ ಕೊಡು. ಅವನ್ನ ನೀನು ಬೀರುವಿನಾಗೆ ಇಟ್ಕಂಡು, ಎರಡು ವರ್ಷದಿಂದ ನಾನು ಒಂದು ಕೆಲಸಕ್ಕೂ ಹೋಗಾಕೆ ಆಗಿಲ್ಲ.”

ನಾನು ಇಷ್ಟು ದಿನ ಇವಳು ಮನೆಯಲ್ಲಿ ಹಾಯಾಗಿ ಕುಳಿತಿದ್ದಾಳೆಂದು ಹಲ್ಲು ಕಡಿದಿದ್ದೆ. ಕಡಿದದ್ದು ದಂಡ.

ಬೆನಕಪ್ಪ ಅರ್ಧ ಗಂಟೆ ಒಳಗೆ ಕೂತರು. ಕೊನೆಗೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಕಾಗದ ತಂದರು: ಶ್ರೀ ಕೆಂಚೇಶ್ ಅವರನ್ನು ‘ಶಿಕ್ಷಕಿಯ ಶಿಕ್ಷಕ’ ಎಂದು ನೇಮಿಸಲಾಗಿದೆ. ಆ ಹುದ್ದೆಗೆ ಇಷ್ಟೇ ಓದಿರಬೇಕೆಂದು ಯಾವ ನಿಯಮದಲ್ಲೂ ಇಲ್ಲ, ಏಕೆಂದರೆ ಅಂಥ ಹುದ್ದೆಯೇ ಎಲ್ಲೂ ಇಲ್ಲ. ಸೀಲು ಮಾತ್ರ ಅಸಲಿ.

“ಮೇಡಂದು ಮಾರ್ಕ್ಸ್‌ಕಾರ್ಡು?” ಎಂದೆ.

“ಚನ್ನಗಿರಿ ಒಂದು ಮುಗೀಲಿ.”

“ಹಂಗಾದ್ರೆ ಹದಿನಾಲ್ಕು ದಿನದ್ದು ಕಲಿಸ್ತೀನಿ ಸರ್. ಹದಿನೈದನೇ ದಿನದ್ದು ಬೀರು ತೆಗೆದ್ಮೇಲೆ.”

ಅರ್ಪಿತಾ ಮೊದಲ ಸಲ ನಕ್ಕಳು. ನಾನು ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಫೋನ್ ಮಾಡಿ ಕಾಗದ ಓದಿದೆ.

“ಅಂದ್ರೆ, ಮೇಷ್ಟ್ರುಗಳಿಗೇ ಮೇಷ್ಟ್ರೇನೋ ನೀನು?”

“ಹೂಂ ಕಣವ್ವ. ಹಂಗೇ ಬರದಾರೆ.”

“ತಡಿ, ತಡಿ. ಪಕ್ಕದ ಮನೆ ಕೆಂಪಕ್ಕನ್ನ ಕರೀತೀನಿ. ಇನ್ನೊಂದ್ ಸಲ ಓದು. ಜೋರಾಗಿ ಓದೋ!”

ಓದಿದೆ. ಎಮ್ಮೆಗಳೂ ತಲೆಯೆತ್ತಿ ನೋಡುವಷ್ಟು ಜೋರಾಗಿ.