ಗಾಡಿಗೆ ಕಟ್ಟಿದ ದಾರ

"ಇದು ಮೂರನೇ ಸಲ ಮೇಡಂ," ಎಂದ ಬಡಗಿ, ಕೀಸುಳಿಯಿಂದ ಬಾಗಿಲಿನ ಮೇಲಂಚನ್ನು ಹೆರೆಯುತ್ತಲೇ. "ಒಂದೇ ವರ್ಷದಲ್ಲಿ ಮೂರನೇ ಸಲ. ಇನ್ನೆರಡು ಸಲ ಹೆರೆದ್ರೆ ಬಾಗಿಲು ಹೋಗಿ ಕಿಟಕಿ ಆಗತ್ತೆ."

ಕುಲಪತಿ ನಕ್ಕರು. ಅವರ ಕೈಯಲ್ಲಿ ಮಧ್ಯಾಹ್ನದ ಭಾಷಣದ ಹಾಳೆಗಳಿದ್ದವು. ಹನ್ನೆರಡು ವರ್ಷ ವಿಶ್ವವಿದ್ಯಾಲಯವನ್ನು ನಡೆಸಿ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಗ್ರಂಥಾಲಯದ ಮೂರನೇ ಮಹಡಿಯ ಈ ವಾಚನಾಲಯದಲ್ಲೇ ಮೂರು ಗಂಟೆಗೆ ಬೀಳ್ಕೊಡುಗೆ. ಮೈಕು ಹೇಗಿದೆ ನೋಡೋಣವೆಂದು ಒಂದು ಗಂಟೆ ಮುಂಚೆಯೇ ಬಂದಿದ್ದರು. ಆಗಲೇ ಅರ್ಧದಷ್ಟು ಕುರ್ಚಿಗಳಲ್ಲಿ ವಿದ್ಯಾರ್ಥಿಗಳು ಕೂತು ಗಲಗಲ ಮಾತಾಡುತ್ತಿದ್ದರು. ಮುಂದಿನ ಸಾಲಿನಿಂದ ತಂಗಿಯ ಮಗಳು ಕೈಬೀಸಿದಳು. ಕ್ಯಾಂಪಸ್ಸಿನಲ್ಲಿ ದೊಡ್ಡಮ್ಮ ಅನ್ನಬೇಡ, ಕೈಬೀಸಬೇಡ ಎಂದು ಎಷ್ಟು ಹೇಳಿದರೂ ಅಷ್ಟೇ.

"ಮರ ಅಂದ ಮೇಲೆ ತೇವಕ್ಕೆ ಉಬ್ಬತ್ತಲ್ಲ ಮೇಸ್ತ್ರಿ," ಎಂದರು ಕುಲಪತಿ.

"ತೇವ ಎಲ್ಲಿದೆ ಮೇಡಂ? ಎರಡು ತಿಂಗಳಿಂದ ಒಂದು ಹನಿ ಬಿದ್ದಿಲ್ಲ. ಮರ ಒಣಗಿ ಸೊರಗಿದೆ. ಬಾಗಿಲು ಉಬ್ಬಿಲ್ಲ, ಚೌಕಟ್ಟು ಕೆಳಗೆ ಬರ್ತಿದೆ." ಅವನು ಹೆರೆದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ. "ಹೋದ ವಾರ ಇಬ್ರು ಹುಡುಗೀರು ಒಳಗೇ ಸಿಕ್ಕಿಹಾಕ್ಕೊಂಡಿದ್ರು. ಹೊರಗಿಂದ ಭುಜ ಕೊಟ್ಟು ನೂಕಿದ್ವಿ."

"ಯಾರಿಗಾದ್ರೂ ಹೇಳಿದ್ರಾ?"

"ಹೇಳದೆ ಇರ್ತೀನಾ? ಬಾಗಿಲು ಹೆರಿ ಅಂದ್ರು. ಹೆರೀತಿದೀನಿ."

ಕುಲಪತಿಯ ನಗು ಮುಖದ ಮೇಲೆಯೇ ಉಳಿದಿತ್ತು. ಅದನ್ನು ತೆಗೆಯಬೇಕೆಂದು ಅವರಿಗೆ ತಕ್ಷಣ ಹೊಳೆಯಲಿಲ್ಲ. ತಲೆಯೆತ್ತಿ ನೋಡಿದರು. ಚಾವಣಿಯ ನಟ್ಟನಡುವೆ, ವೇದಿಕೆಗಿಂತ ಸಾಕಷ್ಟು ಈಚೆಗೆ, 'ಹನ್ನೆರಡು ವರ್ಷಗಳ ಹಾದಿ' ಎಂದು ಬರೆದ ನೀಲಿ ಬಟ್ಟೆಯನ್ನು ಅಡ್ಡಲಾಗಿ ಬಿಗಿದಿದ್ದರು.

"ಅದನ್ನ ಅಲ್ಲಿ ಯಾಕೆ ಕಟ್ಟಿದ್ರಿ?" ಕುಲಸಚಿವರನ್ನು ಕೇಳಿದರು. ಆತ ಕುರ್ಚಿಗಳ ಲೆಕ್ಕ ಬಿಟ್ಟು ಉತ್ಸಾಹದಿಂದ ಬಂದ.

"ಅಲ್ಲೊಂದು ಗೆರೆ ಬಿಟ್ಟಿತ್ತು ಮೇಡಂ. ಫೋಟೋದಲ್ಲಿ ಲಕ್ಷಣವಾಗಿ ಕಾಣಲ್ಲ ಅಂತ ನಾನೇ ಮುಚ್ಚಿಸಿದೆ."

ಮೆಚ್ಚುಗೆಯ ಒಂದು ಮಾತಿಗಾಗಿ ಆತ ನಿಂತೇ ಇದ್ದ. ಕುಲಪತಿ ಮೆಟ್ಟಿಲ ಕಡೆಗೆ ನಡೆದರು.

ನಾಲ್ಕನೇ ಮಹಡಿಗೆ ಅವರು ಬಂದು ಎರಡು ವರ್ಷವಾಗಿತ್ತು. ಮೌಲ್ಯಮಾಪನ ಸಮಿತಿಯವರನ್ನು ಕರೆತಂದಾಗ ಬಂದದ್ದೇ ಕೊನೆ. ಉದ್ದಕ್ಕೂ ಕಬ್ಬಿಣದ ಕಪಾಟುಗಳು, ನೆಲದಿಂದ ಚಾವಣಿಯವರೆಗೆ ಕೆಂಪು ರಟ್ಟಿನ ಮಹಾಪ್ರಬಂಧಗಳು. ಅವರು ಅಧಿಕಾರ ವಹಿಸಿಕೊಂಡಾಗ ವರ್ಷಕ್ಕೆ ನಲವತ್ತು ಬರುತ್ತಿದ್ದವು. ಈಗ ನಾನೂರು. ಒಂದೊಂದಕ್ಕೂ ನಾಲ್ಕು ಪ್ರತಿ. ಸಮಿತಿಯವರು ಈ ಸಾಲುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಇವತ್ತಿನ ಭಾಷಣದ ಎರಡನೇ ಪುಟ ಪೂರ್ತಿ ಇದೇ.

ಗ್ರಂಥಾಲಯದ ಸಹಾಯಕಿ ಕಪಾಟುಗಳ ಧೂಳು ಹೊಡೆಯುತ್ತಿದ್ದಳು. ವಿದ್ಯಾರ್ಥಿಗಳೆಲ್ಲ ದೊಡ್ಡಕ್ಕ ಎಂದು ಕರೆಯುವ ಹೆಂಗಸು. ಪುಸ್ತಕ ಸಾಗಿಸುವ ತಳ್ಳುಗಾಡಿಯನ್ನು ಗೋಡೆಯ ಪಕ್ಕದ ಕಪಾಟಿನ ಕಾಲಿಗೆ ದಾರದಿಂದ ಕಟ್ಟಿಹಾಕಿದ್ದಳು.

"ಇದೇನು ದೊಡ್ಡಕ್ಕ, ದನ ಕಟ್ಟಿದ ಹಾಗೆ ಕಟ್ಟಿದೀರಿ?"

"ಬಿಟ್ರೆ ನಿಲ್ಲಲ್ಲ ಕಣಮ್ಮ. ತಾನೇ ಉರುಳ್ಕೊಂಡು ನಡುವಿಗೆ ಹೋಗಿಬಿಡತ್ತೆ. ಮೊದಲು ನಿಧಾನಕ್ಕೆ ಹೋಗ್ತಿತ್ತು. ಈಗ ಕಾಲು ಬಂದಿದೆ ಅದಕ್ಕೆ."

"ಯಾವಾಗಿಂದ?"

"ಹೋದ ವರ್ಷದಿಂದ್ಲೇ. ಸುಮ್ನೆ ಗೋಳು ಯಾಕೆ ಅಂತ ದಾರ ಕಟ್ಟಿದೀನಿ."

ಕುಲಪತಿ ಬಗ್ಗಿ ಗಂಟು ಬಿಚ್ಚಿದರು. ಎರಡು ಸಲ ಪ್ರಯತ್ನಿಸಬೇಕಾಯಿತು. ಗಾಡಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಹೊರಟಿತು. ಕಪಾಟುಗಳ ನಡುವಿನ ಓಣಿಯಲ್ಲಿ ಯಾರೂ ತಳ್ಳದೆ ಸಾಗಿ, ಕೋಣೆಯ ಮಧ್ಯಕ್ಕೆ ಹೋಗಿ ನಿಂತಿತು. ಅದರ ನೇರ ಕೆಳಗೆ ನೀಲಿ ಬಟ್ಟೆ. ಬಟ್ಟೆಯ ಕೆಳಗೆ ಕುರ್ಚಿಗಳು.

ಆಗ ಅವರಿಗೆ ಹಳೆಯ ಎಂಜಿನಿಯರ್ ನೆನಪಾದರು. ನೆನಪಾದರು ಎಂದರೆ ಅದು ಪೂರ್ತಿ ನಿಜವಲ್ಲ. ಕೆಳಗೆ ಬಡಗಿ ಮಾತಾಡಿದಾಗಲೇ ಅವರು ಮನಸ್ಸಿನೊಳಗೆ ಬಂದು ನಿಂತಿದ್ದರು, ಕುಲಪತಿ ಅತ್ತ ತಿರುಗಿರಲಿಲ್ಲ ಅಷ್ಟೆ. ನಾಲ್ಕು ವರ್ಷದ ಹಿಂದೆ ಈ ಮಹಡಿಯನ್ನು ಕಟ್ಟಿದ್ದು ಓದುವ ಕೋಣೆಗೆಂದು. ಮೇಜು, ಕುರ್ಚಿ, ಓದುವವರು, ಇಷ್ಟೇ. ಮಹಾಪ್ರಬಂಧಗಳನ್ನೆಲ್ಲ ಒಂದೇ ಕಡೆ ಜೋಡಿಸಿದರೆ ಸಮಿತಿಯ ಕಣ್ಣಿಗೆ ಬೀಳುತ್ತದೆ ಎಂದು ಕುಲಪತಿ ಹೇಳಿದಾಗ ಆ ಎಂಜಿನಿಯರ್ ಒಂದು ಪತ್ರ ತಂದಿದ್ದರು. ಈ ನೆಲ ಮನುಷ್ಯರ ಭಾರಕ್ಕೆ ಹಾಕಿದ್ದು, ಇಲ್ಲಿ ಪುಸ್ತಕದ ಕಪಾಟುಗಳನ್ನು ಇಡಬಾರದು ಎಂದು ಅದರಲ್ಲಿ ಬರೆದಿತ್ತು.

"ಪುಸ್ತಕ ಇಡಬಾರದ ಗ್ರಂಥಾಲಯ! ನಾಳೆ ನೀರು ಸೇದಬಾರದ ಬಾವಿ ತೋಡ್ತೀರೇನ್ರೀ?" ಎಂದಿದ್ದರು ಕುಲಪತಿ, ತುಂಬಿದ ಸಭೆಯಲ್ಲಿ. ಎಲ್ಲರೂ ಮೇಜು ತಟ್ಟಿ ನಕ್ಕಿದ್ದರು. ಎಂಜಿನಿಯರ್ ಮಾತ್ರ ಹಾಳೆಗಳ ಅಂಚನ್ನು ಸರಿಮಾಡಿಕೊಳ್ಳುತ್ತ ಕೂತಿದ್ದರು. ಪತ್ರ ಓದಿಯೇ ಕುಲಪತಿ ಕಡತದ ಮೇಲೆ 'ಆಗಲಿ' ಎಂದು ಬರೆದು ಸಹಿ ಹಾಕಿದ್ದು. ಅದು ಅವರ ಹೆಸರುವಾಸಿ ಪದ. ತಿಂಗಳುಗಟ್ಟಲೆ ಮಲಗುತ್ತಿದ್ದ ಕಡತಗಳು ಅವರ ಮೇಜಿಗೆ ಬಂದ ದಿನವೇ ಆ ಒಂದು ಪದ ಹೊತ್ತು ಹೊರಡುತ್ತಿದ್ದವು. ಹೊಸ ಪ್ರಯೋಗಾಲಯಕ್ಕೆ ಆಗಲಿ, ಹುಡುಗಿಯರ ವಸತಿಗೃಹಕ್ಕೆ ಆಗಲಿ, ಸಂಜೆ ತರಗತಿಗೆ ಆಗಲಿ. ಬೆನ್ನಹಿಂದೆ ಎಲ್ಲರೂ ಅವರನ್ನು 'ಆಗಲಿ ಮೇಡಂ' ಎಂದೇ ಕರೆಯುವುದು. ಅದನ್ನು ಕೇಳಿ ಒಳಗೊಳಗೇ ಹಿಗ್ಗಿದ್ದರು. ಆ ಎಂಜಿನಿಯರ್ ಮರುವರ್ಷ ಬೇರೆಡೆ ಕೆಲಸ ನೋಡಿಕೊಂಡು ಹೋದರು. ಅವರ ಜಾಗಕ್ಕೆ ನಗುವವರು ಬಂದರು.

ಎಲ್ಲೋ ಕಾಲಡಿಯಲ್ಲಿ ಟಕ್ ಎಂದಿತು. ಬೆರಳು ನೆಟಿಕೆ ತೆಗೆದಷ್ಟೇ ಸಣ್ಣ ಸದ್ದು.

"ಅದು ಹಾಗೇ ಆಗಾಗ ಅನ್ನತ್ತೆ," ಎಂದಳು ದೊಡ್ಡಕ್ಕ.

ಕುಲಪತಿಗೆ ಓಡಬೇಕು ಎನಿಸಿತು, ಓಡಿದರೆ ನೆಲ ಅದುರುತ್ತದೆ ಎಂದೂ ಎನಿಸಿತು.

"ದೊಡ್ಡಕ್ಕ, ನಿಮ್ಮ ಚೀಲ ತಗೊಳ್ಳಿ. ನನ್ನ ಜೊತೆ ಬನ್ನಿ. ಗೋಡೆ ಪಕ್ಕದಲ್ಲೇ ಬನ್ನಿ."

"ಇನ್ನೂ ಎರಡು ಸಾಲು ಬಾಕಿ ಇದೆಯಲ್ಲಮ್ಮ."

"ಇರಲಿ."

ಕೆಳಗಿಳಿಯುವಷ್ಟರಲ್ಲಿ ವಾಚನಾಲಯ ತುಂಬಿಹೋಗಿತ್ತು. ಮುನ್ನೂರು ಕುರ್ಚಿ ಸಾಲದೆ ಗೋಡೆಗೊರಗಿ ನಿಂತವರೂ ಇದ್ದರು. ಕೀಸುಳಿಯನ್ನು ಚೀಲಕ್ಕೆ ಹಾಕುತ್ತಿದ್ದ ಬಡಗಿಯ ಹತ್ತಿರ ಕುಲಪತಿ ಬಾಗಿದರು.

"ಮೇಸ್ತ್ರಿ, ಬಾಗಿಲು ಕೀಳಿ."

"ಈಗ ತಾನೇ ಕೂರಿಸಿದೆನಲ್ಲ ಮೇಡಂ!"

"ಎರಡೂ ರೆಕ್ಕೆ ಕೀಳಿ. ಸದ್ದು ಮಾಡದೆ ಕೀಳಿ."

ಬಡಗಿ ಅವರ ಮುಖ ನೋಡಿದ. ಆಮೇಲೆ ಚಾವಣಿ ನೋಡಿದ. ತಿರುಪುಳಿ ತೆಗೆದುಕೊಂಡ. ಕುಲಸಚಿವ ಧಾವಿಸಿ ಬಂದ. ಕೆಳಗಿನ ಎರಡು ಮಹಡಿಗಳನ್ನೂ ಖಾಲಿ ಮಾಡಿಸಿ, ಯಾರೂ ಓಡದ ಹಾಗೆ ನೋಡಿಕೊಳ್ಳಿ ಎಂದರು ಕುಲಪತಿ. ಆತನ ಬಣ್ಣ ಇಳಿಯಿತು. "ಅತಿಥಿಗಳು ದಾರೀಲಿದಾರೆ ಮೇಡಂ. ಏನು ಕಾರಣ ಹೇಳಲಿ? ವೈರಿಂಗ್ ಕೆಟ್ಟಿದೆ ಅನ್ನಲಾ?"

"ಮೊದಲು ಜನ ಇಳೀಲಿ."

ಮೈಕಿನ ಮುಂದೆ ಹೋಗಲು ಆ ನೀಲಿ ಬಟ್ಟೆಯ ಕೆಳಗೇ ಹಾದುಹೋಗಬೇಕಿತ್ತು. ಹೋದರು. ಭಾಷಣದ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದರು.

"ನನ್ನ ಮಾತು ಈ ನಾಲ್ಕು ಗೋಡೆ ನಡುವೆ ಕೇಳಿಸಿಕೊಳ್ಳೋಕೆ ಲಾಯಕ್ಕಿಲ್ಲ," ಎಂದರು. "ಆಟದ ಮೈದಾನದಲ್ಲಿ ಸೇರೋಣ. ಬಾಗಿಲ ಹತ್ತಿರದ ಸಾಲು ಮೊದಲು. ಒಂದು ಸಾಲು ಹೊರಗೆ ಹೋದ ಮೇಲೆ ಇನ್ನೊಂದು. ನೂಕಬೇಡಿ, ಓಡಬೇಡಿ. ಪರೀಕ್ಷೆ ಹಾಲಿಗೆ ಹೋಗ್ತೀರಲ್ಲ, ಆ ವೇಗ ಸಾಕು."

ನಗೆ ಹಬ್ಬಿತು. "ಕುರ್ಚೀನೂ ಹೊತ್ಕೊಂಡು ಹೋಗ್ಬೇಕಾ ಮೇಡಂ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಬೇಡಪ್ಪ, ಹುಲ್ಲಿನ ಮೇಲೆ ಕೂತರೆ ಪದವಿ ಏನೂ ಕಡಿಮೆ ಆಗಲ್ಲ." ಮತ್ತೆ ನಗೆ. ಅಷ್ಟು ಜನ ಒಟ್ಟಿಗೆ ನಕ್ಕರೂ ಚಾವಣಿ ಅದುರುತ್ತದೆಯೋ ಏನೋ. ಇನ್ನು ನಗಿಸಬಾರದು ಎಂದುಕೊಂಡರು.

ಸಾಲುಗಳು ಹಿಂದಿನಿಂದ ಕರಗತೊಡಗಿದವು. ಬಾಗಿಲಿಲ್ಲದ ಬಾಗಿಲಿನಾಚೆ ಬಡಗಿ ನಿಂತು ಒಬ್ಬೊಬ್ಬರನ್ನೇ ಮೆಟ್ಟಿಲ ಕಡೆ ಕಳಿಸುತ್ತಿದ್ದ. ಮುಂದಿನ ಸಾಲು ಕೊನೆಗೆ. ಆ ಸಾಲಿನ ನಡುವಿನಲ್ಲಿ ತಂಗಿಯ ಮಗಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಅವಳೊಬ್ಬಳನ್ನು ಕರೆದುಬಿಡಬಹುದಿತ್ತು. ಏನಾದರೊಂದು ನೆವ ಹೇಳಿ, ನನ್ನ ಕನ್ನಡಕ ಕಾರಿನಲ್ಲಿದೆ ತಗೊಂಡು ಬಾ ಎಂದು. ಮಾತು ನಾಲಿಗೆಯ ತುದಿಗೆ ಬಂತು. ಒಬ್ಬಳು ಎದ್ದರೆ ಆ ಸಾಲೆಲ್ಲ ಎದ್ದೀತು. ಕುಲಪತಿ ತುಟಿ ಕಚ್ಚಿಕೊಂಡು ಎಣಿಸಿದರು. ಒಂಬತ್ತು ಸಾಲು. ಎಂಟು. ಏಳರ ಹತ್ತಿರ ಒಬ್ಬನ ಚೀಲ ಕುರ್ಚಿಗೆ ಸಿಕ್ಕಿಕೊಂಡು ಎಲ್ಲರೂ ನಿಂತರು. ಮತ್ತೆ ಟಕ್ ಎಂದಿತು. ಯಾರೂ ತಲೆಯೆತ್ತಲಿಲ್ಲ. ನೀಲಿ ಬಟ್ಟೆಯ ಅಂಚಿನಿಂದ ಬಿಳಿಯ ಪುಡಿ ಎಳೆಯಾಗಿ ಇಳಿದು, ಫ್ಯಾನಿನ ಗಾಳಿಗೆ ಮುಂದಕ್ಕೆ ತೇಲಿ, ತಂಗಿಯ ಮಗಳ ಭುಜದ ಮೇಲೆ ಕೂತಿತು. ಅವಳು ಅದನ್ನು ಕೊಡವಿಕೊಂಡಳು.

ಕೊನೆಯ ಸಾಲು ಎದ್ದಾಗ ಅವಳು ವೇದಿಕೆಯ ಹತ್ತಿರ ಬಂದಳು. "ದೊಡ್ಡಮ್ಮಾ, ಏನಾಯ್ತು? ಮುಖ ಸುಣ್ಣ ಆಗಿದೆ."

"ನಡಿ," ಎಂದರು ಕುಲಪತಿ. "ಗೋಡೆ ಪಕ್ಕ ನಡಿ. ನಾನು ಹಿಂದೆ ಬರ್ತೀನಿ."

ಮೈದಾನದಲ್ಲಿ ಬಿಸಿಲಿತ್ತು. ಹುಡುಗರು ಆಗಲೇ ಗುಂಪುಗುಂಪಾಗಿ ಕೂತು, ಚೀಲಗಳನ್ನು ದಿಂಬು ಮಾಡಿಕೊಂಡಿದ್ದರು. ಗ್ರಂಥಾಲಯ ಎಂದಿನಂತೆ ನಿಂತಿತ್ತು. ಕುಲಪತಿ ಅದರಿಂದ ಕಣ್ಣು ಕೀಳಲಿಲ್ಲ.

ಕುಲಸಚಿವ ಪಕ್ಕಕ್ಕೆ ಬಂದು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಏನೂ ಆಗಲಿಲ್ಲವಲ್ಲ ಮೇಡಂ," ಎಂದ, ಅರ್ಧ ಸಮಾಧಾನ, ಅರ್ಧ ದೂರು. "ಆದೇಶದಲ್ಲಿ ಬಣ್ಣದ ಕೆಲಸ ಅಂತ ಹಾಕೋಣ. ತಿಂಗಳ ಕೊನೆವರೆಗೆ ತಳ್ಳಿದ್ರೆ, ಆಮೇಲೆ ನೀವಂತೂ..."

"ನನ್ನ ಮೇಜಿನ ಎಡಗಡೆ ಡ್ರಾಯರ್‌ನಲ್ಲಿ ಒಂದು ಹಳೇ ಕಡತ ಇದೆ. ನಾಲ್ಕನೇ ಮಹಡೀದು. ಮೇಲೆ ಎಂಜಿನಿಯರ್ ಪತ್ರ ಇದೆ. ತರಿಸಿ."

"ಅದು ಈಗ ಯಾಕೆ ಮೇಡಂ?"

"ಅತಿಥಿಗಳು ಬರಲಿ. ಅದನ್ನೇ ಓದ್ತೀನಿ. ಕೆಳಗೆ ನಾನು ಬರೆದಿರೋದನ್ನೂ ಓದ್ತೀನಿ."

ಆತ ಹೊರಟ. ಭಾಷಣದ ಹಾಳೆಗಳು ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕುಲಪತಿ ಅವನ್ನು ಮಡಚಿ ಚೀಲದೊಳಗೆ ಇಟ್ಟರು.

ಬಡಗಿ ಹಣೆಗೆ ಕೈ ಅಡ್ಡಹಿಡಿದು ಮೂರನೇ ಮಹಡಿಯ ಕಿಟಕಿಗಳನ್ನು ನೋಡುತ್ತಿದ್ದ. ಒಳಗೆ, ಖಾಲಿ ಕುರ್ಚಿಗಳ ಮೇಲೆ, ಫ್ಯಾನುಗಳೆಲ್ಲ ತಿರುಗುತ್ತಿದ್ದವು.

"ಆರಿಸೋದೇ ಮರೆತುಬಿಟ್ವಿ," ಎಂದ. "ಒಂದು ನಿಮಿಷದ ಕೆಲಸ. ಹೋಗಿ ಬಂದುಬಿಡ್ಲಾ ಮೇಡಂ?"

ಕುಲಪತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಿಟಕಿಯಾಚೆ ನೀಲಿ ಬಟ್ಟೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು.