ಎಡಗಣ್ಣಿಗೆ ಒಂದು ಚಿತ್ರ

ಜನವರಿ ೯, ೧೯೭೮, ಸೋಮವಾರ

ಇವತ್ತು ಲ್ಯಾಬಿನಲ್ಲಿ ಜೋಡಿ ಫೋಟೋ ನೋಡುವ ಪೆಟ್ಟಿಗೆಗೆ ಮುಖ ಹಚ್ಚಿ, ಕಂಪನಿಯ ಮಾದರಿ ಫೋಟೋ ನೋಡಿ, “ಹೌದ್ರಿ ಸರ್, ಎದ್ದು ಕಾಣಸ್ತದ” ಅಂದುಬಿಟ್ಟೆ. ನನಗೆ ಏನೂ ಎದ್ದು ಕಾಣಲಿಲ್ಲ. ಗೋಡೆಗೆ ಬಡಿದ ಸಗಣಿ ಕುಳ್ಳಿನ ಹಾಗೆ ಎಲ್ಲ ಚಪ್ಪಟೆ.

ನನ್ನ ಎಡಗಣ್ಣು ಕಾಣುವುದಿಲ್ಲ. ಚಿಕ್ಕವಳಿದ್ದಾಗ ಕಣದಲ್ಲಿ ಜೋಳದ ದಂಟು ಬಡಿದು ಹೋದದ್ದು. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. “ಕಣ್ಣಿನ ಮಾತು ಬಾಯಿಗಿ ತರಬ್ಯಾಡ ಬೇ” ಎಂದು ಅವ್ವ ಬಬಲೇಶ್ವರದಲ್ಲಿ ಬಸ್ಸು ಹತ್ತಿಸುವಾಗಲೆಲ್ಲ ಹೇಳುತ್ತಾಳೆ. ಸಂಕ್ರಮಣ ಮುಗಿದ ಮೇಲೆ ಟಿಕೋಟಾದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆ.

ಬಿ.ಎಸ್ಸಿ. ಮುಗಿಸಿದ ಮೇಲೆ ಬಿಜಾಪುರದ ಈ ಕಾಲೇಜಿನಲ್ಲಿ ಚಿತ್ರ ಬಿಡಿಸುವ ಕೆಲಸ ಸಿಕ್ಕದ್ದು ಮಾತ್ರ ಇದೇ ಕಣ್ಣಿನಿಂದ. ಸೂಕ್ಷ್ಮದರ್ಶಕದ ಒಂಟಿ ನಳಿಗೆಯಲ್ಲಿ ಎಲ್ಲರೂ ಒಂದು ಕಣ್ಣು ಕಿವುಚಿಕೊಂಡು ನೋಡುತ್ತಾರೆ. ನಾನು ಎರಡನ್ನೂ ತೆರೆದುಕೊಂಡೇ ಆರಾಮಾಗಿ ಬಿಡಿಸುತ್ತೇನೆ. “ಕಣ್ಣಂದ್ರ ಗುರುಬಾಯಿದು ನೋಡ್ರಿ!” ಅನ್ನುತ್ತಾರೆ ಅಂಬಾದಾಸ ಸರ್. ಆಗೆಲ್ಲ ನಾನು ನೆಲ ನೋಡುತ್ತೇನೆ.

ಸರ್ ಅಭ್ಯಾಸ ಮಾಡುತ್ತಿರುವುದು ಹೊಂಗೆ ಎಲೆಯ ಮೇಲೆ ಏಳುವ ಗಂಟುಗಳನ್ನು. ಗಂಟಿನ ಪೂರ್ತಿ ಆಕಾರ ತಿಳಿಯಬೇಕೆಂದರೆ ದಾರಿ ಎರಡು. ಗಂಟನ್ನು ತೆಳ್ಳಗೆ ಹೋಳು ಕೊಯ್ದು ಒಂದೊಂದರದೂ ಚಿತ್ರ ನಾನು ಬಿಡಿಸಬೇಕು, ಮುಂಬೈಯ ಕಂಪ್ಯೂಟರ್ ಅವನ್ನು ಒಂದರ ಮೇಲೊಂದು ಪೇರಿಸಿ ಆಕಾರ ಕಟ್ಟಿಕೊಡುತ್ತದೆ. ಇಲ್ಲವೇ ಈ ಹೊಸ ಕ್ಯಾಮರಾ. ಎಲೆಯನ್ನು ತುಸು ವಾಲಿಸಿ ಎರಡು ಫೋಟೋ ತೆಗೆದು, ಎಡದ್ದು ಎಡಗಣ್ಣಿಗೆ, ಬಲದ್ದು ಬಲಗಣ್ಣಿಗೆ ತೋರಿಸಿದರೆ ಗಂಟು ಎದ್ದು ನಿಲ್ಲುತ್ತದಂತೆ. ಎರಡರಲ್ಲಿ ಒಂದಕ್ಕೇ ಹಣ ಕೊಡಲು ಕಾಲೇಜು ಒಪ್ಪಿದೆ. ಕಂಪ್ಯೂಟರ್ ಆದರೆ ನನ್ನ ಕೆಲಸ ಉಳಿಯುತ್ತದೆ. ಕ್ಯಾಮರಾ ಆದರೆ ಅದನ್ನು ನಡೆಸಲು ಮುನೀರಾ ಬರುತ್ತಾಳೆ. ಆಕೆ ಫೋಟೋ ಸ್ಟುಡಿಯೋದವರ ಮಗಳು. ಪರೀಕ್ಷೆಗೆಂದು ನಾಳೆ ಆಕೆಯೇ ಫೋಟೋ ತೆಗೆಯುವವಳು.

ಕ್ಯಾಮರಾದ ಜೊತೆ ಬಂದ ಮಾಹಿತಿ ಹಾಳೆಯನ್ನು ಮನೆಗೆ ತಂದು ಓದಿದೆ. ಉಳಿದವರಿಗೆ ಏನು ಕಾಣುತ್ತದೆ ಎಂದು ತಿಳಿಯುವ ಆಸೆ. ಎಡ-ಬಲ ಅದಲುಬದಲಾದರೆ ಉಬ್ಬಿದ್ದು ತಗ್ಗಾಗಿ ಕಾಣುತ್ತದೆ ಎಂದು ಕೊನೆಗೆ ಬರೆದಿದೆ.

ಬುಧವಾರ

ಕೈ ನೀಟು ಎಂದು ಫೋಟೋಗಳನ್ನು ರಟ್ಟಿಗೆ ಅಂಟಿಸುವುದು ನನ್ನ ಪಾಲಿಗೆ ಬಂತು. ಎಡ, ಬಲ ಎಂದು ಮುನೀರಾ ಹಿಂದೆ ಅಂಚಿನಲ್ಲಿ ಗುರುತು ಹಾಕಿದ್ದಳು. ಅಂಚು ಕತ್ತರಿಸಿದಾಗ ಗುರುತೂ ಹೋಯಿತು. ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಯಾರನ್ನೂ ಕೇಳದೆ ಅಂದಾಜಿನ ಮೇಲೆ ಅಂಟಿಸಿದೆ.

ಸರ್ ಪೆಟ್ಟಿಗೆಗೆ ಮುಖ ಹಚ್ಚಿದರು. “ಇದೇನವಾ ಮುನೀರಾ? ಗಂಟು ಎಲ್ಲಿ? ಎಲಿ ತುಂಬ ತಗ್ಗು-ಕುಣಿ ಬಿದ್ದಾವಲ್ಲ!”

ಮುನೀರಾ ಬಗ್ಗಿ ನೋಡಿದಳು. “ಹೌದ್ರಿ… ಕುಣಿನೇ ಅದಾವ. ನಾ ಹಿಂಗ ತಗದಿಲ್ರಿ ಸರ್.”

ಚಹಾ ತಂದ ಜವಾನ ಖಂಡಪ್ಪ ನಕ್ಕ. “ಇವರಪ್ಪನೂ ಹಂಗs ರಿ. ನನ್ನ ಮದಿವ್ಯಾಗ ಮಾರಿ ಬಿಟ್ಟು ಬರೇ ಬಾಸಿಂಗ ತಗದಾನ!”

ಮುನೀರಾಳ ಕಣ್ಣು ತುಂಬಿದವು. ನನಗೆ ಮಾಹಿತಿ ಹಾಳೆಯ ಕೊನೆಯ ಸಾಲು ನೆನಪಾಯಿತು. ಅದಲುಬದಲು ಮಾಡಿದವಳು ನಾನೇ ಎಂದು ಆ ಕ್ಷಣಕ್ಕೇ ತಿಳಿಯಿತು.

“ಕ್ಯಾಮರಾ ಕಟ್ಟಿಡಪಾ ಖಂಡಪ್ಪ,” ಅಂದರು ಸರ್. “ಕಂಪ್ಯೂಟರಿಗೇ ಹೋಗೂಣು.”

ಒಳಗೆಲ್ಲೋ ಸಣ್ಣಗೆ ಹಿಗ್ಗಾಯಿತು. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತಿದೆ. ಖಂಡಪ್ಪ ಕ್ಯಾಮರಾ ಬಂದ ಕಟ್ಟಿಗೆ ಡಬ್ಬಿಗೆ ಹುಲ್ಲು ತುಂಬತೊಡಗಿದ. ಮುನೀರಾ ದುಪಟ್ಟಾದ ತುದಿಯಿಂದ ಮಸೂರ ಒರೆಸಿ, ಮಗುವನ್ನು ಕೊಟ್ಟ ಹಾಗೆ ಅವನ ಕೈಗೆ ಕ್ಯಾಮರಾ ಕೊಟ್ಟಳು. ಅದನ್ನು ನೋಡಲಾಗಲಿಲ್ಲ. ರಟ್ಟು ಎಳೆದುಕೊಂಡು, ಕತ್ತರಿಯಿಂದ ನಡುವೆ ಸೀಳಿ, ಎಡದ್ದನ್ನು ಬಲಕ್ಕೆ ಸರಿಸಿ ನೋಡುವ ಪೆಟ್ಟಿಗೆಯಲ್ಲಿಟ್ಟೆ.

ಸರ್ ಮತ್ತೆ ನೋಡಿದರು. “ಯಪ್ಪಾ! ಗುಡ್ಡ ಎದ್ದಂಗ ಎದ್ದಾವಲ್ಲ! ಕಣ್ಣಂದ್ರ ಗುರುಬಾಯಿದು ನೋಡ್ರಿ, ಥಟ್ಟನ ಹಿಡೀತು!” ಆಮೇಲೆ ಮುನೀರಾಳ ಕಡೆ ತಿರುಗಿದರು. “ಗುರುತು ತಪ್ಪು ಹಾಕೀಯವಾ. ಎಡಾ ಬಲಾ ತಿಳೀದಕಿ ಕೈಯಾಗ ಇಂಥಾ ಕ್ಯಾಮರಾ ಹ್ಯಾಂಗ ಕೊಡೂದು?”

“ತಪ್ಪಾತ್ರಿ,” ಅಂದಳು ಮುನೀರಾ. ತಪ್ಪು ತನ್ನದೇ ಎಂದು ನಂಬಿಯೇ ಅಂದಳು. ನನ್ನ ಕಡೆ ತಿರುಗಿ, “ನೀ ಇದ್ದದ್ದಕ್ಕ ಉಳೀತು ನೋಡ ಬೇ,” ಎಂದು ಕೈ ಹಿಡಿದಳು.

ಆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಖಂಡಪ್ಪ ಟಿಕೋಟಾದವನು. ಇಲ್ಲಿ ಆಡಿದ ಮಾತು ಸಂಜೆಯ ಬಸ್ಸಿಗೆ ಅವನ ಜೊತೆ ಊರು ಸೇರುತ್ತದೆ. ಅವ್ವನ ಮುಖ ಕಣ್ಣ ಮುಂದೆ ಬಂತು.

“ಸರ್,” ಅಂದೆ.

“ಏನವಾ?”

“ಗುರುತು ಬರೋಬರಿ ಇತ್ರಿ. ನಾನs ಕತ್ತರಿಸಿ ಒಗದೆ, ಉಲ್ಟಾ ಹಚ್ಚಿದೆ.”

“ಹಚ್ಚಿಂದ ಪೆಟ್ಟಿಗ್ಯಾಗ ಇಟ್ಟು ನೋಡ್ಲಿಲ್ಲೇನು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಖಂಡಪ್ಪನ ಕೈಯಲ್ಲಿ ಹುಲ್ಲು ಹಾಗೇ ಇತ್ತು. ನಾನು ಈ ಸಲ ನೆಲ ನೋಡಲಿಲ್ಲ.

“ನೋಡಿದ್ರೂ ತಿಳೀತಿದ್ದಿಲ್ರಿ. ನನ್ನ ಎಡಗಣ್ಣು ಕಾಣಂಗಿಲ್ರಿ.”