ಹಾಲು ಮೇಲೇರಿದಾಗ ನಾನು ಕಂಡದ್ದು

ನಾನು ಸ್ಕ್ಯಾನಿಂಗ್ ಯಂತ್ರದ ಪ್ರೋಬ್. ತಣ್ಣನೆಯ ಜೆಲ್ ಹಚ್ಚಿ ಮೈಮೇಲೆ ಆಡಿಸುತ್ತಾರಲ್ಲ, ಅದೇ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬೆನ್ನಿಗೊಂದು ಉದ್ದನೆಯ ವೈರು ಜೋಡಿಸಿ, ಸದ್ದು ಕಳಿಸುವುದನ್ನೂ ಮರಳಿ ಬಂದದ್ದನ್ನು ಕೇಳುವುದನ್ನೂ ಕಲಿಸಿದರು. ನಿದ್ದೆ ಮಾಡುವುದನ್ನು ಕಲಿಸಲಿಲ್ಲ.

ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ದೊಡ್ಡವರ ಕುತ್ತಿಗೆಯ ಗಂಟುಗಳನ್ನು ನೋಡುತ್ತ ಸವೆದೆ. ಅಲ್ಲಿಗೆ ಹೊಸ ಯಂತ್ರ ಬಂದ ಮೇಲೆ ಹಳೆಯ ಯಂತ್ರವನ್ನೂ ನನ್ನನ್ನೂ ಗದಗಿನ ಮಕ್ಕಳ ಆಸ್ಪತ್ರೆಗೆ ದಾಟಿಸಿದರು. ಅಂಬುಜಾ ಡಾಕ್ಟರ ಕೈಗೆ ಬಿದ್ದೆ. ಕೆಲಸವೇನೂ ಕಡಿಮೆಯಾಗಲಿಲ್ಲ.

ಒಂದು ದಿನ ಕಸ್ತೂರಿ ಎಂಬಾಕೆ ಎರಡು ತಿಂಗಳ ಕೂಸನ್ನು ತಂದಳು. ಕುಡಿದದ್ದನ್ನೆಲ್ಲ ಕಕ್ಕುತ್ತದೆ, ಮಲಗಿಸಿದರೆ ಅಳುತ್ತದೆ. ಹಿಂದೆಯೇ ಅವಳ ಅತ್ತೆ ನೀಲವ್ವ.

"ಈಕಿ ಹಾಲ ಕೂಸಿಗೆ ಒಗ್ಗವಲ್ದ್ರಿ. ನಾಳಿಂದ ಡಬ್ಬಿ ಹಾಲ ಹಾಕತೀವಿ. ನೋಡಿ ಒಮ್ಮೆ ಹೂಂ ಅಂದಬಿಡ್ರಿ."

ಕಸ್ತೂರಿ ಕೂಸನ್ನು ಎದೆಗೆ ಒತ್ತಿಕೊಂಡಳು. ವಾದಿಸುವ ತ್ರಾಣ ಅವಳಿಗಿರಲಿಲ್ಲ.

ಡಾಕ್ಟರು ನನ್ನನ್ನು ಪುಟ್ಟ ಹೊಟ್ಟೆಯ ಮೇಲಿಟ್ಟರು. ಒಳಗೆ ಒಂದು ಹನಿ ಹಾಲೂ ಇಲ್ಲ.

"ಯಾವಾಗ ಕುಡಿಸಿದ್ದಿ?"

"ಕುಡಿಸೇ ಇಲ್ರೀ," ಎಂದರು ನೀಲವ್ವ. "ಸ್ಕ್ಯಾನಿಂಗ್ ಅಂದ್ರ ಖಾಲಿ ಹೊಟ್ಟಿ ಅಲ್ರೀ? ನನ್ನ ಪಿತ್ತಕೋಶ ನೋಡೂವಾಗ ಹಂಗ ಅಂದಿದ್ರು. ಮುಂಜಾನಿಂದ ಅಳಿಸ್ಕೋತನ ಬಂದೀವಿ."

"ಏನ ಅಜ್ಜಿ ನೀವು. ಹೊಟ್ಟ್ಯಾಗ ಹಾಲ ಇದ್ರ ಅಲ್ಲೇನ, ಮ್ಯಾಲ ಬರೂದು ಕಾಣೂದು? ಕುಡಸವಾ, ಇಲ್ಲೇ ಕುಂತು."

ಕೂಸು ಗಟಗಟನೆ ಕುಡಿಯಿತು. ಸೂಜಿಯಿಲ್ಲ, ಮೂಗಿಗೆ ನಳಿಕೆಯಿಲ್ಲ, ಹೊಟ್ಟೆಯ ಮೇಲೆ ಮತ್ತೆ ನಾನೊಬ್ಬನೇ. ಹೊಟ್ಟೆಯ ಬಾಯಿ ಸಡಿಲವಾಯಿತು. ಹಾಲು ಗಂಟಲಿನತ್ತ ಏರಿತು, ಇಳಿಯಿತು, ಮತ್ತೆ ಏರಿತು. ಪರದೆಯ ಮೇಲೆ ಎಲ್ಲರೂ ನೋಡಿದರು.

"ಹೊಟ್ಟಿ ಬಾಯಿ ಇನ್ನೂ ಎಳೇದೈತಿ, ಬಿಗಿ ಆಗಾಕ ಟೈಮ್ ಬೇಕು. ತೂಕ ಚಲೋ ಏರೈತಿ. ಹಾಲಿಂದೇನೂ ತಪ್ಪಿಲ್ಲ. ಸ್ವಲ್ಪ ಸ್ವಲ್ಪ ಕುಡಿಸಿ, ನೆಟ್ಟಗ ಎತ್ಗೊಂಡು ತೇಗಿಸ್ರಿ."

"ಹಂಗಾದ್ರ ಡಬ್ಬಿ?"

"ಡಬ್ಬಿ ಬ್ಯಾಡ. ಎತ್ಗೊಳ್ಳಾಕ ಇನ್ನೊಂದು ಹೆಗಲ ಬೇಕು. ನಿಮ್ಮದೈತಲ್ಲ."

ನೀಲವ್ವ ಕೂಸನ್ನೆತ್ತಿ ಹೆಗಲಿಗೆ ಹಾಕಿಕೊಂಡರು. ತಿರುಗಿದರೆ, ಕಸ್ತೂರಿ ಗೋಡೆಗೊರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು, ಸೆರಗನ್ನೂ ಸರಿಮಾಡಿಕೊಳ್ಳದೆ. ನರ್ಸು ಭುಜ ತಟ್ಟಲು ಹೋದಳು.

ನೀಲವ್ವ ಸೆರಗು ಹೊದಿಸಿ, "ಎಬ್ಬಿಸಬ್ಯಾಡ್ರಿ," ಎಂದರು.

ಈಗ ನನ್ನ ವೈರು ಸೀಳಿಹೋಗಿದೆ. ಚಿತ್ರದ ನಡುವೆ ಕಪ್ಪು ಗೆರೆ ಬೀಳುತ್ತದೆಂದು ಕಪಾಟಿಗೆ ಸೇರಿಸಿದ್ದಾರೆ. ಎಷ್ಟೋ ಮೈಗಳ ಒಳಗನ್ನು ನೋಡಿದವನು ನಾನು. ಕಸ್ತೂರಿಯ ದಣಿವು ಮಾತ್ರ ನನಗೆ ಸಿಗಲಿಲ್ಲ. ಅದನ್ನು ನೀಲವ್ವ ಬರಿಗಣ್ಣಲ್ಲಿ ಕಂಡರು, ತಡವಾಗಿಯಾದರೂ.

ಇಲ್ಲಿ ಕತ್ತಲಿದೆ. ನನ್ನನ್ನೂ ಯಾರೂ ಎಬ್ಬಿಸುವುದಿಲ್ಲ.